ಗರ್ಭಕೋಶದ ಆಕಾರ ಬೇರೆ, ಒಳಗೆ ಅವಳಿ: ಅಪಾಯ ಎಲ್ಲಿದೆ, ಎಲ್ಲಿಲ್ಲ?

2019ರ ಫೆಬ್ರುವರಿ ಕೊನೆಯಲ್ಲಿ ಬಾಂಗ್ಲಾದೇಶದ 20 ವರ್ಷದ ಮಹಿಳೆಯೊಬ್ಬರು ದಿನ ತುಂಬುವ ಮುನ್ನವೇ ಗಂಡುಮಗುವನ್ನು ಹೆತ್ತು ಮನೆಗೆ ಮರಳಿದರು. 26 ದಿನಗಳ ನಂತರ ಮತ್ತೆ ಹೊಟ್ಟೆನೋವು ಕಾಣಿಸಿಕೊಂಡಿತು. ಜೆಸ್ಸೋರ್ ನಗರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ವೈದ್ಯರಿಗೆ ಕಂಡದ್ದು ಎರಡನೆಯ ಗರ್ಭಕೋಶ, ಅದರೊಳಗೆ ಅವಳಿ ಮಕ್ಕಳು. ಅಲ್ಲಿಯವರೆಗೆ ಆಕೆಗೆ ಒಂದೂ ಸ್ಕ್ಯಾನ್ ಆಗಿರಲಿಲ್ಲ. ಮಾರ್ಚ್ 22ರಂದು ಸಿಸೇರಿಯನ್ ಮಾಡಿ ಒಂದು ಗಂಡು, ಒಂದು ಹೆಣ್ಣು ಮಗುವನ್ನು ಹೊರತೆಗೆಯಲಾಯಿತು. ಮೂರೂ ಮಕ್ಕಳು ಉಳಿದವು.

2023ರ ಡಿಸೆಂಬರ್‌ನಲ್ಲಿ ಅಮೆರಿಕದ ಅಲಬಾಮಾದಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿಯೂ ಎರಡು ಗರ್ಭಕೋಶಗಳಿದ್ದ ತಾಯಿ, ಎರಡರಲ್ಲೂ ಒಂದೊಂದು ಹೆಣ್ಣುಮಗು. ಆದರೆ ಆಕೆಯ ದೇಹದ ರಚನೆ ಹದಿಹರೆಯದಲ್ಲೇ ಗೊತ್ತಾಗಿತ್ತು. ಗರ್ಭ ಧರಿಸಿದ ಮೊದಲ ತಿಂಗಳುಗಳಲ್ಲೇ ಎರಡೂ ಶಿಶುಗಳು ಕಂಡಿದ್ದವು. ಬರ್ಮಿಂಗ್‌ಹ್ಯಾಮ್‌ನ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಎರಡೂ ಗರ್ಭಕೋಶಗಳ ಮೇಲೆ ಪ್ರತ್ಯೇಕ ನಿಗಾ ಇಟ್ಟು ಹೆರಿಗೆ ಮಾಡಿಸಿದರು. ಮೊದಲ ಮಗು ಡಿಸೆಂಬರ್ 19ರ ಸಂಜೆ ಸಹಜವಾಗಿ ಹುಟ್ಟಿತು. ಎರಡನೆಯದು ಸುಮಾರು 10 ಗಂಟೆಗಳ ನಂತರ, ಮಾರನೆಯ ಬೆಳಿಗ್ಗೆ ಸಿಸೇರಿಯನ್ ಮೂಲಕ.

ನಮ್ಮ ಮೊಬೈಲ್‌ಗಳಿಗೆ ಈ ಎರಡೂ ಸುದ್ದಿಗಳು 'ವಿಸ್ಮಯ', 'ಪವಾಡ' ಎಂಬ ತಲೆಬರಹದಲ್ಲಿ ಬಂದವು. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವಿಸ್ಮಯಕ್ಕಿಂತ ದೊಡ್ಡ ಸಂಗತಿಯೊಂದು ಕಾಣುತ್ತದೆ. ಇಬ್ಬರ ದೇಹರಚನೆಯೂ ಒಂದೇ ಬಗೆಯದು. ಒಬ್ಬರಿಗೆ ಅದು ಮೊದಲೇ ಗೊತ್ತಿತ್ತು, ಇನ್ನೊಬ್ಬರಿಗೆ ಮಗು ಹುಟ್ಟಿ ತಿಂಗಳಾಗುತ್ತ ಬಂದರೂ ಗೊತ್ತಿರಲಿಲ್ಲ. ಒಬ್ಬರ ಹೆರಿಗೆ ಯೋಜನೆಯಂತೆ ನಡೆಯಿತು, ಇನ್ನೊಬ್ಬರದು ಅದೃಷ್ಟದ ಮೇಲೆ ನಡೆಯಿತು. ಹುಟ್ಟಿನಿಂದಲೇ ಗರ್ಭಕೋಶದ ಆಕಾರ ಬೇರೆಯಾಗಿರುವವರು ಅವಳಿ ಮಕ್ಕಳನ್ನು ಹೊತ್ತಾಗ ನಿಜಕ್ಕೂ ಏನು ಮಾಡಬೇಕು, ಏನು ಮಾಡಿದರೆ ಉಪಯೋಗವಿಲ್ಲ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಗರ್ಭಕೋಶ ಎರಡಾಗುವುದು ಹೇಗೆ?

ಸರಿಯಾಗಿ ಹೇಳಬೇಕೆಂದರೆ, ಗರ್ಭಕೋಶ ಎರಡಾಗುವುದಿಲ್ಲ; ಎರಡಿದ್ದದ್ದು ಒಂದಾಗದೆ ಉಳಿಯುತ್ತದೆ. ಹೆಣ್ಣುಭ್ರೂಣದಲ್ಲಿ ಮೊದಲು ಎಡಕ್ಕೊಂದು, ಬಲಕ್ಕೊಂದು ಕೊಳವೆಗಳು ಮೂಡುತ್ತವೆ. 1830ರಲ್ಲಿ ಇವುಗಳನ್ನು ವಿವರಿಸಿದ ಜರ್ಮನ್ ವಿಜ್ಞಾನಿ ಯೋಹಾನೆಸ್ ಮ್ಯೂಲರ್ ಅವರ ಹೆಸರಿನಿಂದ ಇವಕ್ಕೆ ಮ್ಯೂಲರ್ ನಾಳಗಳು ಎನ್ನುತ್ತಾರೆ. ಈ ಕೊಳವೆಗಳ ಕೆಳಭಾಗಗಳು ಹತ್ತಿರ ಬಂದು ಕೂಡಿಕೊಳ್ಳುತ್ತವೆ. ಕೂಡಿದ ಮೇಲೂ ನಡುವೆ ಒಂದು ಗೋಡೆ ಇರುತ್ತದೆ. ಅದು ನಿಧಾನವಾಗಿ ಕರಗಿ ಒಂದೇ ಕೋಣೆಯಾಗುತ್ತದೆ.

ಈ ಕೆಲಸ ಯಾವ ಹಂತದಲ್ಲಿ ನಿಂತಿತು ಎನ್ನುವುದರ ಮೇಲೆ ಆಕಾರ ನಿರ್ಧಾರವಾಗುತ್ತದೆ. ಕೊಳವೆಗಳು ಕೂಡಿಕೊಳ್ಳದೇ ಹೋದರೆ ಎರಡು ಪೂರ್ಣ ಗರ್ಭಕೋಶಗಳು, ಎರಡು ಗರ್ಭಕಂಠಗಳು ಉಳಿಯುತ್ತವೆ. ಇದಕ್ಕೆ ಡೈಡೆಲ್ಫಿಸ್ ಎಂದು ಹೆಸರು. ಅರ್ಧ ಮಾತ್ರ ಕೂಡಿದರೆ ಮೇಲ್ಭಾಗ ಎರಡು ಕೊಂಬಿನಂತೆ ಕವಲೊಡೆದಿರುತ್ತದೆ, ಇದು ಬೈಕಾರ್ನುಯೇಟ್. ಕೂಡಿಕೊಂಡು, ನಡುವಿನ ಗೋಡೆ ಮಾತ್ರ ಕರಗದೇ ಉಳಿದರೆ ಸೆಪ್ಟೇಟ್. ಒಂದು ಕೊಳವೆ ಮಾತ್ರ ಬೆಳೆದು ಇನ್ನೊಂದು ಬೆಳೆಯದೇ ಹೋದರೆ ಅರ್ಧ ಗರ್ಭಕೋಶವಷ್ಟೇ ಇರುತ್ತದೆ, ಇದು ಯೂನಿಕಾರ್ನುಯೇಟ್. ಮೇಲ್ಭಾಗ ತುಸು ತಗ್ಗಾಗಿರುವ ಆರ್ಕ್ಯುಯೇಟ್ ಎಂಬ ಬಗೆಯೂ ಇದೆ. ಹೆಚ್ಚಿನ ತಜ್ಞರು ಇದನ್ನು ಈಗ ಸಹಜ ವ್ಯತ್ಯಾಸವೆಂದೇ ಕಾಣುತ್ತಾರೆ.

ಇದು ಎಷ್ಟು ಜನರಲ್ಲಿರುತ್ತದೆ? 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯ ಪ್ರಕಾರ ಸಾಮಾನ್ಯ ಮಹಿಳೆಯರಲ್ಲಿ ನೂರಕ್ಕೆ 5.5 ಮಂದಿಯಲ್ಲಿ, ಗರ್ಭಪಾತದ ಇತಿಹಾಸ ಇರುವವರಲ್ಲಿ ನೂರಕ್ಕೆ 13.3 ಮಂದಿಯಲ್ಲಿ ಯಾವುದಾದರೊಂದು ವ್ಯತ್ಯಾಸ ಇರುತ್ತದೆ. ಆರ್ಕ್ಯುಯೇಟ್ ಬಗೆಯೂ ಈ ಲೆಕ್ಕದಲ್ಲಿ ಸೇರಿದೆ. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಮುಟ್ಟು ಸರಿಯಾಗಿ ಬರುತ್ತದೆ, ಹೊರಗಿನಿಂದ ಏನೂ ತಿಳಿಯುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಗೊತ್ತಾಗುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ರಚನೆ ಆಗುವುದು ಆ ಹೆಣ್ಣುಮಗಳು ತನ್ನ ತಾಯಿಯ ಹೊಟ್ಟೆಯಲ್ಲಿ ಕೆಲವೇ ವಾರಗಳ ಭ್ರೂಣವಾಗಿದ್ದಾಗ. ಮದುವೆಯ ನಂತರ ಅವಳು ಏನು ತಿಂದಳು, ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳೋ ಇಲ್ಲವೋ, ಗಾಡಿ ಓಡಿಸಿದಳೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದು ಯಾರ ತಪ್ಪೂ ಅಲ್ಲ.

ಎರಡು ಗರ್ಭಕೋಶ ಇದ್ದರೆ ಅವಳಿ ಖಚಿತವೇ?

ಅಲ್ಲ. ಅವಳಿ ಆಗುವುದು ಎರಡು ರೀತಿಯಲ್ಲಿ. ಒಂದೇ ತಿಂಗಳಲ್ಲಿ ಎರಡು ಅಂಡಾಣುಗಳು ಬಿಡುಗಡೆಯಾಗಿ ಎರಡೂ ಫಲಿತವಾಗಬೇಕು, ಇಲ್ಲವೇ ಫಲಿತವಾದ ಒಂದೇ ಅಂಡಾಣು ಎರಡಾಗಿ ಒಡೆಯಬೇಕು. ಎರಡಕ್ಕೂ ಗರ್ಭಕೋಶದ ಆಕಾರ ಕಾರಣವಲ್ಲ. ಜೋಡಿ ಬಾಳೆಹಣ್ಣು ತಿಂದರೆ ಅವಳಿ ಹುಟ್ಟುತ್ತವೆ ಎಂದು ನಮ್ಮ ಮನೆಗಳಲ್ಲಿ ಹಿರಿಯರು ಕಿತ್ತುಕೊಳ್ಳುವ ಹಣ್ಣಿಗೂ ಇದರಲ್ಲಿ ಪಾತ್ರವಿಲ್ಲ. ತಾಯಿಯ ವಯಸ್ಸು, ಕುಟುಂಬದ ಇತಿಹಾಸ ಮತ್ತು ಸಂತಾನ ಚಿಕಿತ್ಸೆ, ಇವು ನಿಜವಾದ ಕಾರಣಗಳು.

ಇಂದು ಜಗತ್ತಿನಲ್ಲಿ ಹುಟ್ಟುವ ಸುಮಾರು 42 ಮಕ್ಕಳಲ್ಲಿ ಒಂದು ಅವಳಿ ಮಗು. ಈ ಪ್ರಮಾಣ ಏರಲು ಸಂತಾನ ಚಿಕಿತ್ಸೆಯೂ ತಡವಾಗಿ ತಾಯಿಯಾಗುವುದೂ ದೊಡ್ಡ ಕಾರಣ. ಗರ್ಭಕೋಶದ ಆಕಾರ ಬೇರೆ ಇರುವವರಲ್ಲಿ ಕೆಲವರಿಗೆ ಗರ್ಭ ನಿಲ್ಲುವುದು ತಡವಾಗುತ್ತದೆ, ಅವರು ಚಿಕಿತ್ಸೆಗೆ ಬರುತ್ತಾರೆ, ಚಿಕಿತ್ಸೆಯಿಂದ ಅವಳಿಯಾಗುತ್ತದೆ. ಹೀಗೆ ಎರಡು ಬೇರೆ ಬೇರೆ ಸಂಗತಿಗಳು ಒಂದೇ ದೇಹದಲ್ಲಿ ಕೂಡುತ್ತವೆ.

ನಿಜವಾದ ಅಪಾಯ ಯಾವುದು?

'ಮಕ್ಕಳಿಗೆ ಜಾಗ ಸಾಲುವುದಿಲ್ಲ, ಉಸಿರುಕಟ್ಟುತ್ತದೆ' ಎಂಬ ಭಯ ಹಲವರಲ್ಲಿದೆ. ಮಕ್ಕಳು ಹೊಟ್ಟೆಯೊಳಗೆ ಉಸಿರಾಡುವುದು ಜಾಗದಿಂದಲ್ಲ. ಜರಾಯುವಿನಿಂದ, ಅಂದರೆ ಹಳ್ಳಿಗಳಲ್ಲಿ ಕಸ ಅಥವಾ ಮಾಸು ಎನ್ನುವ ಭಾಗದಿಂದ. ನಿಜವಾದ ಅಪಾಯ ಸಮಯದ್ದು: ದಿನ ತುಂಬುವ ಮುನ್ನವೇ ಹೆರಿಗೆಯಾಗುವುದು.

ಸಹಜ ಆಕಾರದ ಗರ್ಭಕೋಶದಲ್ಲೂ ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರಕ್ಕೆ ಮುನ್ನವೇ ಹುಟ್ಟುತ್ತವೆ. ಇತ್ತ, ಒಂದೇ ಮಗುವಿದ್ದರೂ ಆಕಾರ ಬೇರೆ ಇರುವ ಗರ್ಭಕೋಶ ಬೇಗ ನೋವು ತೆಗೆಯುವ ಸಾಧ್ಯತೆ ಹೆಚ್ಚು. ಯೂನಿಕಾರ್ನುಯೇಟ್ ಬಗೆಯ ಕುರಿತ ಅಧ್ಯಯನಗಳನ್ನು 2009ರಲ್ಲಿ ಒಟ್ಟುಗೂಡಿಸಿದಾಗ, ಸುಮಾರು ಐದು ಗರ್ಭಧಾರಣೆಗಳಲ್ಲಿ ಒಂದು ಅವಧಿಪೂರ್ವ ಹೆರಿಗೆಯಲ್ಲಿ ಮುಗಿದಿತ್ತು. ಈ ಎರಡು ಒತ್ತಡಗಳು ಒಂದೇ ಕಡೆ ಸೇರಿದಾಗ ಗಡಿಯಾರ ಇನ್ನೂ ವೇಗವಾಗಿ ಓಡುತ್ತದೆ. ಜತೆಗೆ ಮಕ್ಕಳ ತೂಕ ಕಡಿಮೆಯಾಗುವುದು, ಮಗು ತಲೆ ಮೇಲಾಗಿ ಕೂರುವುದು, ತಾಯಿಯ ರಕ್ತದೊತ್ತಡ ಏರುವುದು, ಹೆರಿಗೆಯ ನಂತರ ಹೆಚ್ಚು ರಕ್ತಸ್ರಾವವಾಗುವುದು ಇವೂ ಇವೆ.

ಆದರೆ ಇನ್ನೊಂದು ಮಾತನ್ನೂ ಗಮನಿಸಿ. ಆಕಾರ ಬೇರೆ ಇರುವವರಲ್ಲಿ ಅವಳಿ ಎಂಬ ವಿಷಯದ ಮೇಲಿನ ಅಧ್ಯಯನಗಳು ಹೆಚ್ಚಾಗಿ ಒಂದೊಂದು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ನೋಡಿ ಬರೆದವು, ಸಂಖ್ಯೆ ಚಿಕ್ಕದು. ತೊಂದರೆಯಾಗಿ ಆಸ್ಪತ್ರೆಗೆ ಬಂದವರೇ ಅವುಗಳಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತಾರೆ. ಏನೂ ತೊಂದರೆಯಿಲ್ಲದೆ ಹೆತ್ತವರು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಅಂತರ್ಜಾಲದಲ್ಲಿ ಕಾಣುವ ಭಯಾನಕ ಶೇಕಡಾವಾರುಗಳನ್ನು ನಿಮ್ಮ ಹಣೆಬರಹ ಎಂದು ಓದಬೇಡಿ.

ಮೊದಲ ಮೂರು ತಿಂಗಳಲ್ಲಿ ತಿಳಿಯಬೇಕಾದ ಮೂರು ಸಂಗತಿ

ಮೊದಲನೆಯದು, ಆಕಾರ ಯಾವುದು ಮತ್ತು ಮಕ್ಕಳು ಎಲ್ಲಿದ್ದಾರೆ. ಗರ್ಭಕೋಶ ಹಿಗ್ಗಿದ ಮೇಲೆ ಅದರ ಹೊರಗಿನ ಗೆರೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ 6ರಿಂದ 8 ವಾರದ ಸ್ಕ್ಯಾನ್ ಇದಕ್ಕೆ ಒಳ್ಳೆಯ ಸಮಯ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಬೈಕಾರ್ನುಯೇಟ್ ಮತ್ತು ಸೆಪ್ಟೇಟ್ ಒಂದೇ ಥರ ಕಾಣಬಹುದು; ಮೂರು ಆಯಾಮದ ಸ್ಕ್ಯಾನ್ ಇವನ್ನು ಬೇರ್ಪಡಿಸುತ್ತದೆ. ಅನುಮಾನ ಉಳಿದರೆ ಬಣ್ಣದ ಇಂಜೆಕ್ಷನ್ ಇಲ್ಲದ ಎಂಆರ್‌ಐ ಮಾಡಬಹುದು. ಯೂನಿಕಾರ್ನುಯೇಟ್ ಬಗೆಯಲ್ಲಿ ಕೆಲವೊಮ್ಮೆ ಪಕ್ಕದಲ್ಲಿ ಬೆಳೆಯದ ಒಂದು ಪುಟ್ಟ ಕೊಂಬು ಇರುತ್ತದೆ. ಅಪರೂಪಕ್ಕೆ ಗರ್ಭ ಅದರೊಳಗೆ ಕಟ್ಟಿಕೊಳ್ಳುತ್ತದೆ. ಅದರ ಗೋಡೆ ಹಿಗ್ಗಲಾರದು. ಸಾಮಾನ್ಯವಾಗಿ ನಾಲ್ಕರಿಂದ ಆರನೇ ತಿಂಗಳಲ್ಲಿ ಒಡೆದು ಒಳಗೇ ರಕ್ತ ಸುರಿಯುತ್ತದೆ. ಈ ಇಡೀ ವಿಷಯದಲ್ಲಿ ತಾಯಿಯ ಜೀವಕ್ಕೇ ನೇರವಾಗಿ ಕುತ್ತು ತರುವ ಸಂಗತಿ ಇದು. ಅದಕ್ಕಾಗಿಯೇ 'ಎರಡು ಮಕ್ಕಳಿವೆ' ಎಂದಷ್ಟೇ ತಿಳಿದರೆ ಸಾಲದು, ಎರಡೂ ಎಲ್ಲಿವೆ ಎಂದೂ ತಿಳಿಯಬೇಕು.

ಎರಡನೆಯದು, ಜರಾಯು ಒಂದೋ ಎರಡೋ. ಇದನ್ನು ನಿಖರವಾಗಿ ಹೇಳಲು 11ರಿಂದ 14 ವಾರದ ಸ್ಕ್ಯಾನ್ ಬೇಕು, ತಡವಾದಷ್ಟೂ ಕಷ್ಟ. ಎರಡು ಜರಾಯು ಇದ್ದರೆ ಸುಮಾರು 4 ವಾರಕ್ಕೊಮ್ಮೆ ಸ್ಕ್ಯಾನ್ ಸಾಕಾಗುತ್ತದೆ. ಒಂದೇ ಜರಾಯುವನ್ನು ಇಬ್ಬರೂ ಹಂಚಿಕೊಂಡಿದ್ದರೆ 16ನೇ ವಾರದಿಂದ 2 ವಾರಕ್ಕೊಮ್ಮೆ ನೋಡಬೇಕು. ಏಕೆಂದರೆ ಇಂಥ ಅವಳಿಗಳಲ್ಲಿ ನೂರಕ್ಕೆ 10ರಿಂದ 15ರಲ್ಲಿ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದುಹೋಗುವ ತೊಂದರೆ ಬರುತ್ತದೆ. ಬೇಗ ಕಂಡರೆ ಲೇಸರ್ ಚಿಕಿತ್ಸೆ ಇದೆ. ಅದು ಸಿಗುವುದು ದೊಡ್ಡ ನಗರಗಳ ಕೆಲವೇ ಕೇಂದ್ರಗಳಲ್ಲಿ. ಎರಡು ಗರ್ಭಕೋಶಗಳಲ್ಲಿ ಒಂದೊಂದು ಮಗು ಇದ್ದರೆ ಈ ಚಿಂತೆ ಇಲ್ಲ. ಅವರ ಜರಾಯು ಬೇರೆ ಬೇರೆಯೇ.

ಮೂರನೆಯದು, ತಾಯಿಗೆ ಮೂತ್ರಪಿಂಡ ಎಷ್ಟಿವೆ. ವಿಚಿತ್ರ ಎನಿಸಬಹುದು, ಆದರೆ ಭ್ರೂಣದಲ್ಲಿ ಗರ್ಭಕೋಶವೂ ಮೂತ್ರಪಿಂಡವೂ ಅಕ್ಕಪಕ್ಕದಲ್ಲೇ ರೂಪುಗೊಳ್ಳುತ್ತವೆ. ಗರ್ಭಕೋಶದ ಆಕಾರ ಬೇರೆ ಇರುವವರಲ್ಲಿ ನೂರಕ್ಕೆ ಸುಮಾರು 20ರಿಂದ 30 ಮಂದಿಗೆ ಮೂತ್ರಪಿಂಡದಲ್ಲೂ ವ್ಯತ್ಯಾಸ ಇರುತ್ತದೆ. ಕೆಲವರಿಗೆ ಒಂದೇ ಇರುತ್ತದೆ. ಅವಳಿ ಗರ್ಭದಲ್ಲಿ ರಕ್ತದೊತ್ತಡ ಏರುವ ಸಾಧ್ಯತೆ ಮೊದಲೇ ಹೆಚ್ಚು. ಒಂದೇ ಮೂತ್ರಪಿಂಡ ಇದ್ದರಂತೂ ಮೊದಲ ಭೇಟಿಯಿಂದಲೇ ರಕ್ತದೊತ್ತಡ ಮತ್ತು ಮೂತ್ರದ ಪರೀಕ್ಷೆ ಬಿಡುವಂತಿಲ್ಲ. ಅಗತ್ಯವಿದ್ದವರಿಗೆ ವೈದ್ಯರು 12ನೇ ವಾರದ ನಂತರ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ಹೊಟ್ಟೆಯ ಸ್ಕ್ಯಾನ್ ಮಾಡುವಾಗಲೇ 'ಮೂತ್ರಪಿಂಡವನ್ನೂ ನೋಡಿ' ಎಂದು ಕೇಳಲು ಹೆಚ್ಚುವರಿ ಖರ್ಚಿಲ್ಲ.

ಹೊಲಿಗೆ, ಇಂಜೆಕ್ಷನ್, ಹಾಸಿಗೆ

ಅವಳಿ ಎಂದು ಗೊತ್ತಾದ ಕೂಡಲೇ, ಅದರಲ್ಲೂ ಗರ್ಭಕೋಶ 'ಸರಿಯಿಲ್ಲ' ಎಂದು ತಿಳಿದ ಮೇಲೆ, ಮನೆಯವರು ಮೂರು ಸಂಗತಿ ಕೇಳುತ್ತಾರೆ: ಬಾಯಿಗೆ ಹೊಲಿಗೆ ಹಾಕಬೇಕೇ, ಇಂಜೆಕ್ಷನ್ ಕೊಡಬೇಕೇ, ಮಲಗಿಯೇ ಇರಬೇಕೇ?

ಹೊಲಿಗೆಯ ವಿಷಯದಲ್ಲಿ ಉತ್ತರ ಎಲ್ಲರಿಗೂ ಒಂದೇ ಅಲ್ಲ. ಅವಳಿ ಎಂಬ ಒಂದೇ ಕಾರಣಕ್ಕೆ ಗರ್ಭಕಂಠಕ್ಕೆ ಹೊಲಿಗೆ ಹಾಕುವುದರಿಂದ ಲಾಭವಿಲ್ಲ ಎಂಬುದು ಈಗಿನ ಮಾರ್ಗದರ್ಶಿಗಳ ನಿಲುವು. ಆದರೆ ಐದಾರನೇ ತಿಂಗಳಿಗೇ ಗರ್ಭಕಂಠ ನೋವಿಲ್ಲದೆ ತೆರೆದುಕೊಂಡಿರುವ ಅವಳಿ ಬಸುರಿಯರಲ್ಲಿ ಹೊಲಿಗೆ ಸಹಾಯ ಮಾಡುತ್ತದೆ ಎಂದು 2020ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ ತೋರಿಸಿತು. ಹಿಂದೆ ಐದಾರು ತಿಂಗಳಲ್ಲಿ ಗರ್ಭ ಹೋಗಿದ್ದರೂ ಲೆಕ್ಕ ಬದಲಾಗುತ್ತದೆ. ಹೀಗಾಗಿ ಕೇಳಬೇಕಾದ ಪ್ರಶ್ನೆ 'ಹೊಲಿಗೆ ಹಾಕುತ್ತೀರಾ' ಎಂದಲ್ಲ, 'ಗರ್ಭಕಂಠದ ಉದ್ದ ಎಷ್ಟಿದೆ' ಎಂದು. 16ನೇ ವಾರದ ನಂತರ ಯೋನಿಮಾರ್ಗದ ಸ್ಕ್ಯಾನ್‌ನಲ್ಲಿ ಇದನ್ನು ಅಳೆಯುತ್ತಾರೆ. 25 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಎಚ್ಚರಿಕೆ ಬೇಕು.

ವಾರಕ್ಕೊಂದರಂತೆ ಸೊಂಟಕ್ಕೆ ಕೊಡುವ ಪ್ರೊಜೆಸ್ಟಿರೋನ್ ಬಗೆಯ ಇಂಜೆಕ್ಷನ್ ಅವಳಿಗಳಲ್ಲಿ ಅವಧಿಪೂರ್ವ ಹೆರಿಗೆಯನ್ನು ತಡೆಯುವುದಿಲ್ಲ ಎಂದು 2007ರಲ್ಲೇ ದೊಡ್ಡ ಪ್ರಯೋಗವೊಂದು ತೋರಿಸಿತ್ತು. ಈ ಔಷಧಕ್ಕೆ ಕೊಟ್ಟಿದ್ದ ಅನುಮತಿಯನ್ನೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಹಿಂಪಡೆಯಿತು. ಗರ್ಭಕಂಠ ಚಿಕ್ಕದಾಗಿರುವವರಲ್ಲಿ ಯೋನಿಯೊಳಗೆ ಇಡುವ ಪ್ರೊಜೆಸ್ಟಿರೋನ್‌ನಿಂದ ಸ್ವಲ್ಪ ಲಾಭ ಇರಬಹುದು ಎನ್ನುವ ಪುರಾವೆ ಇದೆ. ಎಲ್ಲ ಅವಳಿ ಬಸುರಿಯರಿಗೂ ಅದರಿಂದ ಪ್ರಯೋಜನವಿಲ್ಲ.

ಇನ್ನು ಹಾಸಿಗೆ. ಐದು ತಿಂಗಳು ಕಾಲು ಕೆಳಗಿಡದೆ ಮಲಗಿಸುವುದು ನಮ್ಮಲ್ಲಿ ಕಾಳಜಿಯ ಇನ್ನೊಂದು ಹೆಸರು. ಸೊಸೆಯನ್ನು ಚೆನ್ನಾಗಿ ನೋಡಿಕೊಂಡರು ಎಂಬ ಹೊಗಳಿಕೆಯೂ ಅದಕ್ಕೆ ಸಿಗುತ್ತದೆ. ಆದರೆ ಅವಳಿ ಬಸುರಿಯರ ಮೇಲೆ ನಡೆದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ ಒಟ್ಟುಗೂಡಿಸಿ ನೋಡಿದಾಗ, ಕಟ್ಟುನಿಟ್ಟಿನ ಹಾಸಿಗೆ ವಿಶ್ರಾಂತಿಯಿಂದ ಅವಧಿಪೂರ್ವ ಹೆರಿಗೆ ಕಡಿಮೆಯಾದದ್ದು ಕಾಣಲಿಲ್ಲ. ಬದಲಿಗೆ ದೀರ್ಘಕಾಲ ಮಲಗಿಯೇ ಇರುವುದರಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಸ್ನಾಯು ಮತ್ತು ಮೂಳೆ ಸೊರಗುತ್ತವೆ, ಮನಸ್ಸು ಕುಗ್ಗುತ್ತದೆ. ಭಾರ ಎತ್ತುವುದು, ಬಿಸಿಲಲ್ಲಿ ದಿನವಿಡೀ ದುಡಿಯುವುದು ಬಿಡಬೇಕು, ಸುಸ್ತಾದಾಗ ಮಲಗಬೇಕು. ಮನೆಯೊಳಗೆ ಓಡಾಡುವುದು ತಪ್ಪಲ್ಲ. ವೈದ್ಯರು ನಿರ್ದಿಷ್ಟ ಕಾರಣ ಕೊಟ್ಟು ಆಸ್ಪತ್ರೆಯಲ್ಲಿ ಉಳಿಯಲು ಹೇಳಿದರೆ ಅದು ಬೇರೆ ವಿಷಯ. ಅಲ್ಲಿ ನಿಗಾ ಇಡಲು ಉಳಿಸಿಕೊಳ್ಳುತ್ತಾರೆ.

ಬೆಳಗಾವಿ ಕಲಿಸಿದ ಪಾಠ

ಹೆರಿಗೆಯನ್ನು ಮುಂದೂಡುವ ಉಪಾಯಗಳು ಇಷ್ಟು ದುರ್ಬಲ ಎಂದಾದರೆ ಉಳಿದಿರುವುದೇನು? ಬೇಗ ಹುಟ್ಟುವ ಮಗುವನ್ನು ಸಿದ್ಧಗೊಳಿಸುವುದು. ಇದರಲ್ಲಿ ಕರ್ನಾಟಕದ ಹೆಸರು ಜಗತ್ತಿನ ವೈದ್ಯಕೀಯ ಸಾಹಿತ್ಯದಲ್ಲಿದೆ.

ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆ ಇದ್ದಾಗ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಹುಟ್ಟುವುದಕ್ಕೆ ಒಂದು ದಿನದಿಂದ ಒಂದು ವಾರದ ಒಳಗೆ ಕೊಟ್ಟಿದ್ದರೆ ಪರಿಣಾಮ ಅತ್ಯುತ್ತಮ. ಈ ಅಗ್ಗದ ಔಷಧವನ್ನು ಹಳ್ಳಿಹಳ್ಳಿಗೂ ಹರಡಿದರೆ ಹೇಗೆ ಎಂದು ಆರು ದೇಶಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. ಬೆಳಗಾವಿಯೂ ಅದರಲ್ಲಿ ಒಂದು ಕೇಂದ್ರ. 2015ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಶಿಶುಮರಣ ತಗ್ಗಲಿಲ್ಲ, ಒಟ್ಟಾರೆ ನೋಡಿದರೆ ಸಾವಿರಕ್ಕೆ 23.9 ಇದ್ದದ್ದು 27.4 ಆಗಿತ್ತು. ಗರ್ಭದ ವಾರಗಳ ಲೆಕ್ಕ ಖಚಿತವಿಲ್ಲದ ಕಡೆ, ಹುಟ್ಟಿದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲದ ಕಡೆ ಔಷಧ ಒಂದೇ ಸಾಲಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಪ್ರಯೋಗ ನಡೆಸಿತು. ಈ ಬಾರಿ ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೆನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳಲ್ಲಿ. ಬೆಳಗಾವಿ ಮತ್ತೆ ಜತೆಗಿತ್ತು. ಸ್ಕ್ಯಾನ್ ಮಾಡಿ ವಾರಗಳನ್ನು ಖಚಿತಪಡಿಸಿಕೊಂಡು, ನವಜಾತ ಶಿಶುಗಳಿಗೆ ಆರೈಕೆ ಇರುವ ಕಡೆ ಮಾತ್ರ, 26ರಿಂದ 34 ವಾರದೊಳಗಿನ 2,852 ಬಸುರಿಯರನ್ನು ಸೇರಿಸಿಕೊಂಡರು. ಅವಳಿ ಬಸುರಿಯರೂ ಅವರಲ್ಲಿದ್ದರು. 2020ರ ಫಲಿತಾಂಶ: ಡೆಕ್ಸಾಮೆಥಸೋನ್ ಪಡೆದ ತಾಯಂದಿರ ಶಿಶುಗಳಲ್ಲಿ ಮರಣ ನೂರಕ್ಕೆ 19.6, ಪಡೆಯದವರಲ್ಲಿ 23.5. ಲಾಭ ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು.

ಔಷಧದ ಬಗೆ ಅದೇ, ಫಲಿತಾಂಶ ಮಾತ್ರ ಬೇರೆ. ವ್ಯತ್ಯಾಸ ಇದ್ದದ್ದು ಎರಡರಲ್ಲಿ: ವಾರಗಳ ಲೆಕ್ಕ ಸರಿಯಾಗಿತ್ತೇ, ಮಗು ಹುಟ್ಟಿದ ಜಾಗ ಸರಿಯಾಗಿತ್ತೇ. ಆಕಾರ ಬೇರೆ ಇರುವ ಗರ್ಭಕೋಶದಲ್ಲಿ ಅವಳಿ ಹೊತ್ತವರಿಗೆ ಇದಕ್ಕಿಂತ ಮುಖ್ಯವಾದ ಪಾಠ ಇನ್ನೊಂದಿಲ್ಲ. ನೋವು ಬೇಗ ಬರುವುದನ್ನು ನಾವು ತಡೆಯಲಾರೆವು ಎನ್ನಿಸಬಹುದು. ಆ ಹೊತ್ತಿಗೆ ಎಲ್ಲಿರಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಏಳನೇ ತಿಂಗಳಿನ ಪ್ರಯಾಣ

ಇಲ್ಲಿಯೇ ನಮ್ಮ ಒಂದು ಪ್ರೀತಿಯ ಪದ್ಧತಿ ಅಡ್ಡ ಬರುತ್ತದೆ. ಏಳನೇ ತಿಂಗಳಲ್ಲಿ ಸೀಮಂತ, ಆಮೇಲೆ ಬಾಣಂತನಕ್ಕೆ ತವರಿಗೆ ಪ್ರಯಾಣ. ಒಂದೇ ಮಗುವಿನ ಸಹಜ ಗರ್ಭದಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಏಳು, ಎಂಟನೇ ತಿಂಗಳು ಎಂದರೆ 28ರಿಂದ 34 ವಾರ. ಈ ಬಗೆಯ ಅವಳಿ ಗರ್ಭದಲ್ಲಿ ನೋವು ಯಾವಾಗ ಬೇಕಾದರೂ ಬರಬಹುದಾದ ವಾರಗಳೂ ಇವೇ, ಸ್ಟಿರಾಯ್ಡ್ ಇಂಜೆಕ್ಷನ್ ಕೆಲಸಕ್ಕೆ ಬರುವ ವಾರಗಳೂ ಇವೇ. ಆಗಲೇ ಇದುವರೆಗೆ ನೋಡಿದ ವೈದ್ಯರನ್ನು ಬಿಟ್ಟು, ಕಡತಗಳನ್ನು ಬಿಟ್ಟು, ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ ಮೂರು ಗಂಟೆ ದೂರದ ಊರಿಗೆ ಹೋದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ.

ಸೀಮಂತ ಬಿಡಬೇಕಿಲ್ಲ, ತವರಿನ ಆಸರೆಯೂ ಬೇಡವೆಂದಲ್ಲ. ಮಗಳು ತಾಯಿಯ ಬಳಿ ಹೋಗುವ ಬದಲು ತಾಯಿಯೇ ಮಗಳ ಬಳಿ ಬಂದು ಇರಬಹುದು. ತವರಿಗೇ ಹೋಗಬೇಕೆಂದಿದ್ದರೆ 20ನೇ ವಾರದ ಸುಮಾರಿಗೇ ಅಲ್ಲಿನ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿ, ಮುಂದಿನ ಸ್ಕ್ಯಾನ್‌ಗಳನ್ನು ಅಲ್ಲಿಯೇ ಮಾಡಿಸಬಹುದು. ತಾಯಿ ಕಾರ್ಡ್‌ನಲ್ಲಿ 'ಅವಳಿ' ಎಂದು ಬರೆದಿರುತ್ತಾರೆ. ಗರ್ಭಕೋಶದ ಬಗೆಯನ್ನೂ ಜರಾಯು ಒಂದೋ ಎರಡೋ ಎಂಬುದನ್ನೂ ಅದರಲ್ಲಿ ಬರೆಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಗೊತ್ತಿಲ್ಲದ ಆಸ್ಪತ್ರೆಗೆ ಹೋಗಬೇಕಾದರೆ ಆ ಒಂದು ಸಾಲು ಮಾತಾಡುತ್ತದೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ನಡೆಯುವ ಉಚಿತ ತಪಾಸಣೆಯಲ್ಲಿ ಅವಳಿ ಗರ್ಭವನ್ನು ಹೆಚ್ಚಿನ ಅಪಾಯದ ಗುಂಪಿಗೆ ಸೇರಿಸಿ ನೋಡುತ್ತಾರೆ.

ಆಸ್ಪತ್ರೆ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಇಷ್ಟೇ: 30 ವಾರಕ್ಕೆ ಎರಡು ಮಕ್ಕಳು ಒಟ್ಟಿಗೆ ಹುಟ್ಟಿದರೆ ಇಬ್ಬರನ್ನೂ ಇಲ್ಲೇ ನೋಡಿಕೊಳ್ಳಲು ಆಗುತ್ತದೆಯೇ? ರಾತ್ರಿಯೂ ಮಕ್ಕಳ ವೈದ್ಯರು, ಅರಿವಳಿಕೆ ತಜ್ಞರು ಇರುತ್ತಾರೆಯೇ? ರಕ್ತ ಎಷ್ಟು ಹೊತ್ತಿನಲ್ಲಿ ಸಿಗುತ್ತದೆ? ಮಗು ಹೊಟ್ಟೆಯೊಳಗಿರುವಾಗಲೇ ದೊಡ್ಡ ಆಸ್ಪತ್ರೆಗೆ ಹೋಗುವುದು, ಹುಟ್ಟಿದ ಮೇಲೆ ಆಂಬುಲೆನ್ಸ್‌ನಲ್ಲಿ ಸಾಗಿಸುವುದಕ್ಕಿಂತ ಎಷ್ಟೋ ಸುರಕ್ಷಿತ.

ಸಿಸೇರಿಯನ್ ಅನಿವಾರ್ಯವೇ?

ಗರ್ಭಕೋಶದ ಆಕಾರ ಬೇರೆ ಎಂಬ ಒಂದೇ ಕಾರಣಕ್ಕೆ ಅಲ್ಲ. ಮೊದಲ ಮಗು ತಲೆ ಕೆಳಗಾಗಿದ್ದರೆ ಯೋಜಿತ ಸಿಸೇರಿಯನ್‌ನಿಂದ ಹೆಚ್ಚಿನ ಲಾಭವಿಲ್ಲ ಎಂದು ಸುಮಾರು 2,800 ಅವಳಿ ಬಸುರಿಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗ ಹೇಳಿತು. ಆದರೆ ಆಕಾರ ಬೇರೆ ಇದ್ದಾಗ ಮಗು ತಿರುಗಲು ಜಾಗ ಕಡಿಮೆ, ತಲೆ ಮೇಲಾಗಿ ಕೂರುವುದು ಹೆಚ್ಚು. ಹಾಗಾಗಿ ಕೊನೆಗೆ ಸಿಸೇರಿಯನ್ ಆಗುವವರ ಸಂಖ್ಯೆಯೂ ಹೆಚ್ಚು. ಎರಡು ಗರ್ಭಕೋಶಗಳಿದ್ದರೆ ಒಂದಕ್ಕೆ ನೋವು ಬಂದು ಇನ್ನೊಂದು ಸುಮ್ಮನಿರಬಹುದು. ಸಿಸೇರಿಯನ್ ಆದರೆ ಎರಡಕ್ಕೂ ಪ್ರತ್ಯೇಕ ಕೊಯ್ತ ಬೇಕಾಗುತ್ತದೆ.

ತೊಂದರೆ ಇಲ್ಲದಿದ್ದರೆ ಎರಡು ಜರಾಯುವಿನ ಅವಳಿಗಳಿಗೆ ಸುಮಾರು 37 ವಾರಕ್ಕೆ, ಒಂದೇ ಜರಾಯುವಿನವರಿಗೆ ಸುಮಾರು 36 ವಾರಕ್ಕೆ ಹೆರಿಗೆ ಮಾಡಿಸುತ್ತಾರೆ. ಮುಹೂರ್ತ ನೋಡಿ ಅದಕ್ಕೂ ಮುನ್ನ ತೆಗೆಸುವುದು ಮಕ್ಕಳಿಗೆ ಒಳ್ಳೆಯದಲ್ಲ. ಬೇಗ ಹುಟ್ಟಿದ ಪುಟ್ಟ ಮಕ್ಕಳಿಗೆ ತಾಯಿಯ ಎದೆಗೊತ್ತಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು ಹುಟ್ಟಿದ ಕೂಡಲೇ ಶುರು ಮಾಡಿದರೆ ಜೀವ ಉಳಿಯುತ್ತದೆ ಎಂದು ಭಾರತವೂ ಸೇರಿ ಐದು ದೇಶಗಳ 2021ರ ಪ್ರಯೋಗ ತೋರಿಸಿದೆ. ಎರಡು ಮಕ್ಕಳಿದ್ದಾಗ ಅಪ್ಪ, ಅಜ್ಜಿಯ ಎದೆಯೂ ಬೇಕಾಗುತ್ತದೆ.

ಮಗುವಿಗಾಗಿ ಯೋಜಿಸುತ್ತಿರುವವರಿಗೆ

'ಮೊದಲು ಆಪರೇಷನ್ ಮಾಡಿಸಿ ಗರ್ಭಕೋಶ ಸರಿಮಾಡಿಸಿಕೊಳ್ಳಿ' ಎಂಬ ಸಲಹೆ ಬಂದರೆ ಯಾವ ಬಗೆ ಎಂದು ಕೇಳಿ. ಬೈಕಾರ್ನುಯೇಟ್, ಡೈಡೆಲ್ಫಿಸ್‌ಗಳಿಗೆ ಈಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಸೆಪ್ಟೇಟ್‌ನಲ್ಲಿ ನಡುಗೋಡೆ ಕತ್ತರಿಸುವುದು ಬಹುಕಾಲದಿಂದ ರೂಢಿಯಲ್ಲಿದೆ. ಆದರೆ 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಶಸ್ತ್ರಚಿಕಿತ್ಸೆಗೆ ಆಯ್ಕೆಯಾದ 39 ಮಂದಿಯಲ್ಲಿ 12, ಆಗದ 40 ಮಂದಿಯಲ್ಲಿ 14 ಮಂದಿ ಜೀವಂತ ಮಗು ಪಡೆದರು. ಅಂದರೆ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಚಿಕ್ಕದು, ಚರ್ಚೆ ಮುಗಿದಿಲ್ಲ. ಪದೇಪದೇ ಗರ್ಭಪಾತವಾದವರ ವಿಷಯದಲ್ಲಿ ವೈದ್ಯರ ಅಭಿಪ್ರಾಯ ಬೇರೆಯಾಗಬಹುದು. ಆದರೆ 'ಮಾಡಿಸಲೇಬೇಕು' ಎಂಬ ಮಾತಿಗೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ಸರಿ.

ಅದಕ್ಕಿಂತ ಖಚಿತವಾದ ಉಪಾಯ ಐವಿಎಫ್‌ನಲ್ಲಿದೆ. ಒಂದೇ ಭ್ರೂಣ ಇರಿಸಿದರೆ ಅವಳಿಯಾಗುವ ಸಾಧ್ಯತೆ ಬಹಳ ಕಡಿಮೆ. 'ಒಂದೇ ಖರ್ಚಿನಲ್ಲಿ ಎರಡು ಮಕ್ಕಳು' ಎಂಬ ಆಸೆಗೆ ಎರಡು, ಮೂರು ಭ್ರೂಣ ಇರಿಸಲು ಕೇಳುವ ದಂಪತಿಗಳಿದ್ದಾರೆ. ಮಕ್ಕಳು ವಾರಗಟ್ಟಲೆ ತೀವ್ರ ನಿಗಾ ಘಟಕದಲ್ಲಿ ಉಳಿಯಬೇಕಾಗಿ ಬಂದರೆ ಆ ಲೆಕ್ಕ ಉಲ್ಟಾ ಆಗುತ್ತದೆ. ಅಂಡಾಣು ಬಿಡುಗಡೆಗೆ ಕೊಡುವ ಮಾತ್ರೆಗಳಿಂದಲೂ ಅವಳಿಯ ಸಾಧ್ಯತೆ ನೂರಕ್ಕೆ 5ರಿಂದ 10ರವರೆಗೆ ಇರುತ್ತದೆ. ನಿಮ್ಮ ಗರ್ಭಕೋಶದ ಆಕಾರ ಗೊತ್ತಿದ್ದರೆ ಚಿಕಿತ್ಸೆಗೆ ಮುನ್ನವೇ ಅದನ್ನು ವೈದ್ಯರಿಗೆ ತಿಳಿಸಿ.

ಯಾವಾಗ ಕಾಯಬಾರದು?

ಗಂಟೆಗೆ ನಾಲ್ಕಾರು ಸಲ ಹೊಟ್ಟೆ ಬಿಗಿಯಾಗುವುದು, ಸೊಂಟದಲ್ಲಿ ಬಂದುಹೋಗುವ ನೋವು, ನೀರು ಅಥವಾ ರಕ್ತ ಹೋಗುವುದು, ಮಕ್ಕಳ ಚಲನೆ ಕಡಿಮೆಯಾಗುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಒಮ್ಮೆಲೇ ಹೊಟ್ಟೆನೋವು ಬಂದು ತಲೆಸುತ್ತುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಅಲ್ಲಿ 'ಇದು ಸುಳ್ಳು ನೋವು' ಎಂದು ವಾಪಸು ಕಳಿಸಿದರೆ ನಾಚಿಕೆಪಡಬೇಡಿ. ಮತ್ತೆ ನೋವು ಬಂದರೆ ಮತ್ತೆ ಹೋಗಿ.

ನಾವು ವೈದ್ಯರಲ್ಲ, ಇಲ್ಲಿ ಬರೆದಿರುವುದು ನಿಮ್ಮ ವೈದ್ಯರೊಡನೆ ಮಾತಾಡಲು ಒಂದು ಆಧಾರ ಅಷ್ಟೇ. ಆದರೆ ಮುಂದಿನ ತಪಾಸಣೆಗೆ ಹೋಗುವಾಗ ಒಂದು ಚೀಟಿಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿ: ಗರ್ಭಕೋಶ ಯಾವ ಬಗೆ, ಜರಾಯು ಎಷ್ಟು, ಗರ್ಭಕಂಠ ಎಷ್ಟು ಉದ್ದ, ನಾಳೆಯೇ ನೋವು ಬಂದರೆ ನಾವು ಯಾವ ಆಸ್ಪತ್ರೆಗೆ ಹೋಗಬೇಕು. ನಾಲ್ಕಕ್ಕೂ ಉತ್ತರ ಸಿಕ್ಕರೆ ಅರ್ಧ ದಾರಿ ಬಂದಂತೆ. ಕೊನೆಯದಕ್ಕೆ ಉತ್ತರ ಸಿಗದಿದ್ದರೆ ಅದನ್ನು ಕಂಡುಕೊಳ್ಳದೆ ಮನೆಗೆ ಮರಳಬೇಡಿ.